ಫೋಟೋದಾಗಿನ ಸೀರಿ, ಕೈಯಾಗಿನ ಸೀರಿ

ಹೋದ ವಾರ ನಮ್ಮಕ್ಕನ ಮಗಳು ಹುಬ್ಬಳ್ಳಿಯಿಂದ ಬಂದಿದ್ಳು. ಬಿ.ಕಾಂ. ಮುಗಿಸಿ ಒಂದು ವರ್ಷ ಆತು, ಮನ್ಯಾಗ ಕುಂತು ಆನ್‌ಲೈನ್ ಸೇಲ್ಸ್ ಕೆಲಸಾ ಮಾಡ್ತಾಳ. ಗಿರಾಕಿಗಳ ಮೆಸೇಜಿಗೆ ಉತ್ತರಾ ಕೊಡೂದು, ಮಾಲಿನ ಫೋಟೋ ಹಾಕೂದು, ವಾಪಸ್ ಬಂದಿದ್ದರ ಲೆಕ್ಕಾ ಇಡೂದು. ತಿಂಗಳಿಗೆ ಹನ್ನೊಂದು ಸಾವಿರ ಪಗಾರ. ಅದರಾಗ ತಮ್ಮನ ಡಿಪ್ಲೊಮಾ ಫೀ ಹೋಗತೈತಿ. ನಾ ರೊಟ್ಟಿ ಬಡಿಯೂಮುಂದ ಬಾಜೂಕ ಬಂದು ಕುಂತು, "ಖಾಲಾ, ನನ್ನ ಪಗಾರ ಹಲಾಲ್ ಐತೇನು?" ಅಂತ ಕೇಳಿದ್ಳು.

ನಾ ನಕ್ಕೆ. ದುಡದು ತಿನ್ನೂದು ಹಲಾಲ್ ಅಲ್ದ ಮತ್ತೇನು ಅಂದೆ. ಅಕಿ ಫೋನ್ ತಗದು ಸಾಹುಕಾರರ ಮೆಸೇಜ್ ತೋರಿಸಿದ್ಳು. ದಿನಾ ಐದು ರಿವ್ಯೂ ಬರೀಬೇಕಂತ, ಅದೂ ಮಾಲು ತಗೊಂಡ ಗಿರಾಕಿ ಬರದಂಗ. "ಬಟ್ಟಿ ಭಾಳ ಚಲೋ ಐತಿ, ಮನೀಮಂದಿಗೆಲ್ಲಾ ಹಿಡಿಸೇತಿ" ಅಂತ. ಆ ಬಟ್ಟಿ ಇಕಿ ಕಣ್ಣಿಲೆ ಸುದ್ದಾ ನೋಡಿಲ್ಲ.

ಆವಾಗ ನನ್ನ ನಗು ನಿಂತ್ತು. ಅಕಿಗೆ ಬುದ್ಧಿ ಹೇಳಾಕ ಬಾಯಿ ಬರಲಿಲ್ಲ. ಯಾಕಂದ್ರ ನಾನೂ ಇಂಥಾದ್ದೇ ಒಂದು ಮಾಡೀನಿ. ನಿಮ್ಮಾಗ ಕೆಲವರಿಗೆ ಗೊತ್ತೈತಿ, ಉಳಿದವರಿಗೆ ಇವತ್ತ ಹೇಳಿಬಿಡ್ತೀನಿ.

ನಾ ವಾಟ್ಸಾಪಿನ್ಯಾಗ ಇಳಕಲ್ಲ ಸೀರಿ ಮಾರೂದು ನಿಮಗೆಲ್ಲಾ ಗೊತ್ತು. ಹೋಲ್‌ಸೇಲಿನವರು ಫೋಟೋ ಕಳಸ್ತಾರ, ನಾ ಅದರ ಮ್ಯಾಲ ನನ್ನ ದರ ಹಾಕಿ ಗ್ರೂಪಿಗೆ ಬಿಡ್ತೀನಿ. ಯಾರರ ಬೇಕಂದ್ರ ರೊಕ್ಕಾ ತಗೊಂಡು ಆಮ್ಯಾಲ ಮಾಲು ತರಸ್ತೀನಿ. ಹಿಂಗ ಒಂದು ಸೀರಿ, ನನಗ ಬಿದ್ದದ್ದು 1,150 ರೂಪಾಯಿ, ಮಾರಿದ್ದು 1,600ಕ್ಕ. "ರೇಷ್ಮಿ ಸೆರಗು, ಟೋಪ ತೆನಿ" ಅಂತ ಬರದಿದ್ದೆ. ಬಾಜೂ ಮನಿ ವೈನಿಯ ನಾದಿನಿ ಸಾಂಗ್ಲಿಯಿಂದ ತಗೊಂಡ್ರು, ಮಗಳ ಮದುವಿಗಂತ. ಪಾರ್ಸೆಲ್ ಬಿಚ್ಚಿದ್ರ ಆರ್ಟ್ ಸಿಲ್ಕಿನ ಸೆರಗು. ಅವರು ನನಗ ಫೋನ್ ಮಾಡಲಿಲ್ಲ, ವೈನಿಗೆ ಮಾಡಿದ್ರು. ವೈನಿ ಬಂದು ನನ್ನ ಕಟ್ಟಿ ಮ್ಯಾಲ ಕುಂತು, ಸಿಟ್ಟಿಲ್ಲದ, "ನೀ ಹೇಳಿದಿ ಅಂತ ತಗೊಂಡಾರವಾ" ಅಂದ್ರು.

"ನನಗೂ ಗೊತ್ತಿರಲಿಲ್ರಿ ವೈನಿ" ಅಂದೆ. ಅದು ಅರ್ಧಾ ಖರೇ. ಇಳಕಲ್ಲ ಸೀರಿ ಉಟ್ಟು ಬೆಳದಾಕಿ ನಾ. ಆ ದರಕ್ಕ ಖರೇ ರೇಷ್ಮಿ ಸೆರಗು ಬರೂದಿಲ್ಲ ಅನ್ನೂದು ನನಗ ಗೊತ್ತಿತ್ತು. ಕೇಳಿದ್ರ ಗೊತ್ತಾಗತೈತಿ ಅಂತ ಕೇಳಿರಲಿಲ್ಲ, ಅಷ್ಟ.

ಪೈಗಂಬರರು (ಸ) ಒಮ್ಮೆ ಪ್ಯಾಟ್ಯಾಗ ಹೊಂಟಾಗ ಕಾಳಿನ ರಾಶಿಯೊಳಗ ಕೈ ಹಾಕಿದ್ರಂತ. ಮ್ಯಾಲ ಒಣಗಿದ ಕಾಳು, ಒಳಗ ತಂಪು. ಇದೇನು ಅಂತ ಕೇಳಿದ್ರ, ಮಳಿ ಹೊಡದೈತಿ ಅಂದ ಮಾರಾಂವ. ಹಂಗಾರ ತೋಯ್ದದ್ದನ್ನ ಮಂದಿಗೆ ಕಾಣೂಹಂಗ ಮ್ಯಾಲ ಯಾಕ ಇಡಲಿಲ್ಲ ಅಂತ ಕೇಳಿದ್ರು. ಮೋಸ ಮಾಡಾಂವ ನಮ್ಮಂವಲ್ಲ ಅಂದ್ರು. ಈ ಹದೀಸ್ ನಾವೆಲ್ಲಾ ಸಣ್ಣಾಕಿ ಇದ್ದಾಗಿಂದ ಕೇಳೀವಿ. ಆದ್ರ ಇವತ್ತಿನ ದಿನಾ ಫೋಟೋ ಅಂದ್ರ ಆ ರಾಶಿಯ ಮ್ಯಾಲಿನ ಕಾಳು ಅಂತ ನನಗ ಹೊಳದಿರಲಿಲ್ಲ. ಪ್ಯಾಟ್ಯಾಗ ಗಿರಾಕಿ ಕೈ ಹಾಕಿ ನೋಡ್ತಾಳ, ಸೆರಗು ತಿಕ್ಕಿ ನೋಡ್ತಾಳ. ಫೋನಿನ್ಯಾಗ ಕೈ ಹಾಕಾಕ ಬರೂದಿಲ್ಲ. ಅದಕ್ಕ ತೋಯ್ದ ಕಾಳು ಮ್ಯಾಲ ಇಡೂ ಜವಾಬ್ದಾರಿ ಮಾರಾವರ ಮ್ಯಾಲ ಇನ್ನೂ ಹೆಚ್ಚು ಬೀಳತೈತಿ.

ಇಮಾಮ್ ಅಬೂ ಹನೀಫಾ ಅವರೂ ಕೂಫಾದಾಗ ಬಟ್ಟಿ ವ್ಯಾಪಾರಿನ. ಒಂದು ಬಟ್ಟಿಯೊಳಗ ಐಬು ಐತಿ, ಗಿರಾಕಿಗೆ ಹೇಳಿ ಮಾರು ಅಂತ ಪಾಲುದಾರಗ ಹೇಳಿ ಕಳಿಸಿದ್ರಂತ. ಅವರು ಹೇಳೂದು ಮರತು ಮಾರಿಬಿಟ್ರು, ತಗೊಂಡವರು ಯಾರಂತ ಗೊತ್ತಿಲ್ಲ. ಇಮಾಮರು ಆ ಮಾಲಿನ ಪೂರ್ತಿ ರೊಕ್ಕಾ ದಾನಾ ಮಾಡಿದ್ರು ಅಂತ ಹೇಳ್ತಾರ. ನನ್ನ ಗಿರಾಕಿಯಂತೂ ಯಾರಂತ ಗೊತ್ತಿತ್ತು. ನನಗ ನೆವ ಎಲ್ಲೈತಿ?

ಇನ್ನೊಂದು ಮಾತು. ಹಕೀಮ್ ಬಿನ್ ಹಿಜಾಮ್ ಅನ್ನೂ ವ್ಯಾಪಾರಿ ಪೈಗಂಬರರ ಕಡೆ ಬಂದು, ಮಂದಿ ನನ್ನ ಹಂತ್ಯಾಕ ಇಲ್ಲದ ಮಾಲು ಕೇಳ್ತಾರ, ಮೊದಲು ಮಾರಿ ಆಮ್ಯಾಲ ಪ್ಯಾಟಿಯಿಂದ ತಂದು ಕೊಡ್ಲೇನು ಅಂತ ಕೇಳಿದ್ರು. ನಿನ್ನ ಹಂತ್ಯಾಕ ಇಲ್ಲದ್ದನ್ನ ಮಾರಬ್ಯಾಡ ಅಂತ ಉತ್ತರಾ ಬಂತು. ಇದು ನಮ್ಮ ವಾಟ್ಸಾಪ್ ವ್ಯಾಪಾರದ್ದ ಪ್ರಶ್ನೆ ಅಲ್ಲೇನ್ರೀ? ಹಂಗಂತ ಬಾಗಿಲಾ ಮುಚ್ಚಿಲ್ಲ. ಆಲಿಮರು ದಾರಿ ತೋರಸ್ತಾರ. ಮೊದಲು ನೀವ ಕೊಂಡು ಕೈಯಾಗ ಇಟ್ಕೊಂಡು ಮಾರ್ರಿ. ಇಲ್ಲಾ, "ಮಾಲು ಅವರದು, ನಾ ನಡುವಿನಾಕಿ, ನನಗ ಕಮಿಷನ್" ಅಂತ ಖುಲ್ಲಾ ಹೇಳ್ರಿ. ಇಲ್ಲಾ, ಬಡಿಗ್ಯಾಗ ಮಂಚಾ ಮಾಡಾಕ ಹೇಳಿದಂಗ, ಅಳತಿ, ನೂಲು, ಬಣ್ಣಾ ಎಲ್ಲಾ ಗೊತ್ತು ಮಾಡಿ ನೇಕಾರರ ಕಡೆ ಆರ್ಡರ್ ಕೊಟ್ಟು ನೇಯಸ್ರಿ. ಮೂರರಾಗೂ ಗಿರಾಕಿಗೆ ತಾನೇನು ತಗೊಳ್ಳಾಕತ್ತೀನಿ, ಯಾರ ಕಡೆ ತಗೊಳ್ಳಾಕತ್ತೀನಿ ಅನ್ನೂದು ಗೊತ್ತಿರತೈತಿ.

ಗ್ರೂಪಿನ್ಯಾಗ "ನೋ ರಿಟರ್ನ್, ನೋ ಎಕ್ಸ್‌ಚೇಂಜ್" ಅಂತ ದಪ್ಪ ಅಕ್ಷರದಾಗ ಹಾಕ್ತೀವಲ್ಲ, ಅದೂ ನನಗೀಗ ಚುಚ್ಚತೈತಿ. ನೋಡದ ತಗೊಂಡ ಮಾಲನ್ನ ನೋಡಿದ ಮ್ಯಾಲ ಬ್ಯಾಡ ಅನ್ನೂ ಹಕ್ಕು ಹನಫಿ ಫಿಕ್ಹ್‌ದಾಗ ಗಿರಾಕಿಗೆ ಐತಿ. ಆದ್ರ ಅಕ್ಕಾರ, ತಂಗೇರ, ಇದು ತಗೊಳ್ಳಾವರಿಗೂ ಅನ್ವಯಾ ಆಗತೈತ್ರಿ. ಮದುವಿಗೆ ಉಟ್ಟು, ಫೋಟೋ ಹೊಡಸ್ಕೊಂಡು, ಅರಿಷಿಣದ ಕಲಿ ಸಮೇತ "ಬಣ್ಣಾ ಬ್ಯಾರೆ ಬಂದೈತಿ" ಅಂತ ವಾಪಸ್ ಕಳಸಿದವರೂ ನಮ್ಮ ನಡುವ ಅದಾರ. ಹೆಸರು ಹೇಳೂದಿಲ್ಲ.

ಕೆಲವರು ಅಂತಾರ, ಹೆಣ್ಣಮಕ್ಕಳಿಗೆ ಈ ಆನ್‌ಲೈನ್ ವ್ಯಾಪಾರನ ಬ್ಯಾಡಾಗಿತ್ತು ಅಂತ. ಅದನ್ನ ನಾ ಒಪ್ಪೂದಿಲ್ಲ. ಬೀಬಿ ಖದೀಜಾ (ರ) ಮಕ್ಕಾದಾಗ ಕುಂತು ಶಾಮ್ ದೇಶಕ್ಕ ಮಾಲು ಕಳಿಸಿ ವ್ಯಾಪಾರಾ ಮಾಡಿದಾಕಿ. ಗಂಡಸರು ಗಳಿಸಿದ್ದರಾಗ ಅವರ ಪಾಲು, ಹೆಂಗಸರು ಗಳಿಸಿದ್ದರಾಗ ಇವರ ಪಾಲು ಐತಿ ಅಂತ ಕುರ್‌ಆನ್ ಸೂರಾ ನಿಸಾದಾಗ ಐತಿ. ಇನ್ನ ಕೆಲವರು, ಎಲ್ಲಾರೂ ಮಾಡ್ತಾರ, ಖರೇ ಹೇಳಿಕೋಂತ ಕುಂತ್ರ ಧಂಧೆ ಆದಂಗ ಅಂತಾರ. ಇದು ಖರೇವಂದ್ರ ಕಷ್ಟದ ಮಾತು. "ಆರ್ಟ್ ಸಿಲ್ಕ್ ಸೆರಗು" ಅಂತ ಬರ್ಯಾಕ ಶುರು ಮಾಡಿದ ಮ್ಯಾಲ ನನ್ನ ವ್ಯಾಪಾರ ಅರ್ಧಕ್ಕ ಬಂದೈತಿ. ಬರಕತ್ ಅಂತಾರಲ್ಲ, ಅದು ಬಂದು ಎಲ್ಲಾ ತುಂಬಿಕೊಟ್ಟೈತಿ ಅಂತ ಸುಳ್ಳ ಹೇಳೂದಿಲ್ಲ. ಆದ್ರ ವೈನಿ ಮನಿ ಮುಂದ ಹಾಯೂವಾಗ ತಲಿ ತಗ್ಗಸೂದು ತಪ್ಪೈತಿ. ಅವರ ನಾದಿನಿಗೆ 1,600ರ ಜೋಡಿ ಕೊರಿಯರ್ ಖರ್ಚೂ ಕೊಟ್ಟೆ. ಆ ಸೀರಿ ನಾನ ಉಡಾಕತ್ತೀನಿ.

ಇನ್ನ ಹುಡುಗಿ ವಿಷಯ. ತಗೊಳ್ಳೂ ಮನಸಿಲ್ಲದ ಬರೇ ದರ ಏರಸಾಕ ಸವಾಲ್ ಕೂಗೂದನ್ನ ಪೈಗಂಬರರು ಬ್ಯಾಡ ಅಂದಾರ. ಅದಕ್ಕ ನಜಶ್ ಅಂತಾರ. ಗಿರಾಕಿ ವೇಷಾ ಹಾಕಿ ರಿವ್ಯೂ ಬರ್ಯೂದು ಅದರ ತಂಗಿನ. ದೀನ್ ಅಷ್ಟ ಅಲ್ಲ, ಸರಕಾರದ 2020ರ ಇ-ಕಾಮರ್ಸ್ ನಿಯಮದಾಗೂ ಮಾರಾವರು ಗಿರಾಕಿ ಅಂತ ಸುಳ್ಳ ಹೇಳಿ ರಿವ್ಯೂ ಹಾಕೂಹಂಗಿಲ್ಲ. ಅಕಿಗೆ ನಾ ಹೇಳಿದ್ದು ಇಷ್ಟ: ನಿನ್ನ ಪಗಾರೆಲ್ಲಾ ಹರಾಮ್ ಅಂತ ನಾ ಅನ್ನೂದಿಲ್ಲ. ಗಿರಾಕಿಗೆ ಉತ್ತರಾ ಕೊಡೂದು, ಲೆಕ್ಕಾ ಇಡೂದು ಬೆವರಿನ ದುಡಿಮಿನ. ಆ ಐದು ರಿವ್ಯೂ ಮಾತ್ರ ಬರೀಬ್ಯಾಡ. ಸಾಹುಕಾರರಿಗೆ ಮರ್ಯಾದೀಲೆ ಹೇಳು. ಬ್ಯಾರೆ ಕೆಲಸಾನೂ ಹುಡುಕು. ನಾ ಆಲಿಮಾ ಅಲ್ಲ, ನಿನಗ ನಂಬಿಕಿ ಇದ್ದವರನ್ನೂ ಕೇಳು.

"ಕೆಲಸ ಹೋದ್ರ, ಖಾಲಾ? ತಮ್ಮನ ಫೀ?" ಅಂದ್ಳು. ಸೀರಿ ರೊಕ್ಕದ ಡಬ್ಬಿ ತಗದು ಎಣಿಸಿದ್ವಿ. ಎರಡು ತಿಂಗಳಿಗೆ ಸಾಲತೈತಿ.

ಅಕಿ ನನ್ನ ಮುಂದ ಕುಂತು ಮೆಸೇಜ್ ಬರದು ಕಳಿಸಿದ್ಳು. ನೀಲಿ ಗೆರಿ ಎರಡೂ ಬಿದ್ದಾವ. ಉತ್ತರಾ ಇನ್ನೂ ಬಂದಿಲ್ಲ.