ಪಥ್ಯ ಯಾರಿಗೆ?

ಕಣ್ಣಿನ ಪೊರೆ ತೆಗೆಸಿಕೊಂಡ ಹಿರಿಯರು ವೈದ್ಯರ ಮಾತು ಕೇಳುವುದಿಲ್ಲವೆಂದು ನಾವು ದೂರುವುದುಂಟು. ಕೆಲವು ವಾರ ಕಣ್ಣು ಉಜ್ಜಬಾರದು, ಅದಕ್ಕೆ ನೀರು ಸೋಕಬಾರದು, ಭಾರ ಎತ್ತಬಾರದು, ಹೊಗೆಯ ಮುಂದೆ ಕೂರಬಾರದು. ಇಷ್ಟನ್ನು ನಡೆಸಲಾಗದೆ ಎಂದು ಕೇಳುತ್ತೇವೆ. ಈ ದೂರು ನ್ಯಾಯವಾದುದಲ್ಲವೆಂದು ನನ್ನ ಅಭಿಪ್ರಾಯ.

ಹಿಂದಿನ ಕಾಲದಲ್ಲಿ ಈ ಶಸ್ತ್ರಚಿಕಿತ್ಸೆಯಾದವರನ್ನು ಆಸ್ಪತ್ರೆಯಲ್ಲಿಯೇ ಹಲವು ದಿನ ಅಂಗಾತ ಮಲಗಿಸಿ, ತಲೆ ಅಲುಗದಂತೆ ಎರಡು ಪಕ್ಕಕ್ಕೂ ಮರಳಿನ ಚೀಲಗಳನ್ನಿಡುತ್ತಿದ್ದರು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಪೊರೆಯನ್ನು ಶ್ರವಣಾತೀತ ಕಂಪನದಿಂದ ಒಡೆದು ಹೀರಿ ತೆಗೆಯುವ ವಿಧಾನವನ್ನು ತಂದರು. ಇಂದು ಗಾಯ 2ರಿಂದ 7 ಮಿಲಿಮೀಟರು ಮಾತ್ರ. ಸಾಮಾನ್ಯವಾಗಿ ಹೊಲಿಗೆಯೂ ಬೇಡ. ರೋಗಿಯು ಅಂದೋ ಮರುದಿನವೋ ಮನೆ ಸೇರುತ್ತಾನೆ. ಆದರೆ ಗಾಯ ಪೂರ್ತಿ ಮಾಯಲು ವಾರಗಳು ಬೇಕು. ಉಜ್ಜಿದರೆ ಅದು ಬಾಯಿ ಬಿಟ್ಟೀತು. ಕೊಳೆನೀರಿನೊಡನೆ ರೋಗಾಣು ಒಳಹೊಕ್ಕರೆ ಬಂದ ದೃಷ್ಟಿಯೇ ಹೋದೀತು. ಹೀಗೆ ಆರೈಕೆಯ ಹೊಣೆ ಆಸ್ಪತ್ರೆಯಿಂದ ಮನೆಗೆ ವರ್ಗವಾಗಿದೆ.

ಮನೆ ಅದನ್ನು ಹೊತ್ತಿದೆಯೆ? ನನ್ನ ಅಜ್ಜಿಯ ಮಾತನ್ನೇ ಹೇಳುತ್ತೇನೆ. ಆಸ್ಪತ್ರೆಯವರು ಕೊಟ್ಟ ಚೀಟಿಯನ್ನು ಓದಬಲ್ಲವನು ಮನೆಯಲ್ಲಿ ನಾನೊಬ್ಬನೇ. ಎರಡು ಸಲ ಓದಿ ಹೇಳಿ, ಪರೀಕ್ಷೆಯಿದೆಯೆಂದು ಹಾಸ್ಟೆಲಿಗೆ ಬಂದುಬಿಟ್ಟೆ. ನಾಲ್ಕನೆಯ ದಿನ ಅಜ್ಜಿ ತುಂಬಿದ ಕೊಡ ಎತ್ತಿದಳು; ಸೌದೆ ಒಲೆ ಊದಿದಳು; ಕಣ್ಣುರಿದಾಗ ಸೆರಗಿನಿಂದ ಒರಸಿಕೊಂಡಳು. ಕಣ್ಣು ಕೆಂಡದಂತಾಯಿತು. ಕೂಡಲೆ ತೋರಿಸಿದ್ದರಿಂದ ಉಳಿಯಿತು. ನಾನು ಗದರಿದಾಗ, "ನೀನೇನೋ ಓದಿ ಹೋದೆ ಕಣಪ್ಪ. ನಿಮ್ಮಪ್ಪ ಅವ್ವ ಕೂಲಿಗೆ ಹೋದ್ರು. ನೀರು ಯಾರು ತರಬೇಕು ಅಂತ ಆ ಚೀಟೀಲಿ ಬರೆದಿತ್ತಾ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಬಾಣಂತಿ ಕೊಡ ಎತ್ತಬಾರದೆಂದು ನಮ್ಮ ಹಳ್ಳಿಯಲ್ಲಿ ಯಾರೂ ಚೀಟಿ ಬರೆದುಕೊಡುವುದಿಲ್ಲ. ಅವಳು ತಣ್ಣೀರು ಮುಟ್ಟದಂತೆ ಮನೆಮಂದಿಯೇ ನೋಡಿಕೊಳ್ಳುತ್ತಾರೆ. ಬಡವರಾದರೆ ನೆರೆಯವರು ನೀರು ತಂದು ಹಾಕುತ್ತಾರೆ. ಪಥ್ಯ ಅವಳದಾದರೂ ಅದನ್ನು ನಡೆಸುವುದು ಮನೆ. ಪೊರೆ ತೆಗೆಸಿಕೊಂಡ ಮುದುಕಿಗೆ ಆ ಮರ್ಯಾದೆ ಏಕಿಲ್ಲ? ಗಾಯ ಹೊರಗೆ ಕಾಣದು, ಕಣ್ಣು ಕಾಣತೊಡಗಿದೆ. ಇನ್ನು ಕೆಲಸಕ್ಕಾದಳೆಂದೇ ನಮ್ಮ ಎಣಿಕೆ.

ಆದುದರಿಂದ ವೈದ್ಯರಲ್ಲಿ ನನ್ನದೊಂದು ವಿನಂತಿ. ಚೀಟಿಯನ್ನು ಮನೆಯವರ ಕೈಗಿತ್ತು, ನೀರು ತರುವವರು ಯಾರು, ಒಲೆ ಹಚ್ಚುವವರು ಯಾರು, ಕಣ್ಣಿಗೆ ಹನಿ ಹಾಕುವವರು ಯಾರು ಎಂದು ಕೇಳಲಿ. ನನ್ನಂತೆ ಓದುಬಲ್ಲ ಮೊಮ್ಮಕ್ಕಳಾದರೂ, ಓದಿ ಹೇಳಿದ ಮಾತ್ರಕ್ಕೆ ಕರ್ತವ್ಯ ಮುಗಿಯಿತೆಂದು ತಿಳಿಯದಿರಲಿ.

ಬರುವ ಬೇಸಿಗೆಯ ರಜೆಗೆ ಅಜ್ಜಿಯ ಇನ್ನೊಂದು ಕಣ್ಣಿನ ಸರದಿ. ಈ ಸಲ ಕೊಡ ಹೊರುವವನು ನಾನು.