ಸ್ಪಷ್ಟ ಚಿತ್ರಕ್ಕೆ ಕಿರಣವೊಂದೇ ದಾರಿಯಲ್ಲ

ಎಕ್ಸ್‌ರೇ ಚಿತ್ರ ಸ್ಪಷ್ಟವಾಗಿ ಬರಬೇಕಾದರೆ ಕಿರಣದ ಪ್ರಮಾಣದ ಚಿಂತೆ ಬಿಡಬೇಕೆಂಬ ಕಳೆದ ಸಂಚಿಕೆಯ ಲೇಖನದ ವಾದವನ್ನು ಒಪ್ಪಲಾಗದು. ಚಿತ್ರದಲ್ಲಿನ ಕಾಳುಕಾಳು ಗದ್ದಲವನ್ನು (ನಾಯ್ಸ್) ಅರ್ಧಕ್ಕಿಳಿಸಲು ನಾಲ್ಕು ಪಟ್ಟು ಕಿರಣ ಬೇಕು, ನಿಜ. ಆದರೆ ರೋಗ ಗುರುತಿಸಲು ಸಾಕಾದ ಮೇಲೆ ಬಿಡುವ ಕಿರಣವೆಲ್ಲ ರೋಗಿಯ ಮೈಗೆ ಹೊರೆ. ಹಳೆಯ ಫಿಲ್ಮ್ ಕಿರಣ ಹೆಚ್ಚಾದರೆ ಕಪ್ಪಾಗಿ ಎಚ್ಚರಿಸುತ್ತಿತ್ತು. ಡಿಜಿಟಲ್ ಚಿತ್ರ ಆಗಲೂ ಚೆನ್ನಾಗಿಯೇ ಕಾಣುತ್ತದೆ. ಅಪಾಯ ಅಲ್ಲೇ ಇದೆ.

ಬೇಕಾದ ಭಾಗಕ್ಕಷ್ಟೇ ಕಿರಣ ಬಿಡುವುದು, ರೋಗಿ ಅಲುಗಾಡದಂತೆ ನೋಡುವುದು, ಒಳ್ಳೆಯ ಡಿಟೆಕ್ಟರ್, ಉತ್ತಮ ಗಣಿತ: ಸ್ಪಷ್ಟತೆಗೆ ಇವೂ ದಾರಿಗಳೇ. ಗಣಿತದ ಮಾತಿಗೆ ಬಂದರೆ, 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ಎಕ್ಸ್‌ರೇ ನೆರಳುಗಳಿಂದ ಒಳರೂಪ ಕಟ್ಟುವ ಸುಲಭ ಲೆಕ್ಕ ಕೊಟ್ಟರು. ಸಿಟಿ ಸ್ಕ್ಯಾನ್ ದಶಕಗಳ ಕಾಲ ಆ ಬಗೆಯ ಲೆಕ್ಕವನ್ನೇ ನೆಚ್ಚಿತ್ತು.

ಎದೆಯ ಒಂದು ಸಿಟಿ ಸ್ಕ್ಯಾನ್‌ನ ಕಿರಣ ಹತ್ತಾರು ಎದೆ ಎಕ್ಸ್‌ರೇಗಳಿಗೆ ಸಮ. ಆದ್ದರಿಂದ ಚಿಮ್ಮಡದಂಥ ಊರಿನಿಂದ ಜಮಖಂಡಿಗೋ ಮುಧೋಳಕ್ಕೋ ಸ್ಕ್ಯಾನ್‌ಗೆ ಹೋಗುವವರು ಸುಮ್ಮನೆ ಮತ್ತೆ ತೆಗೆಸುವುದು ತಪ್ಪಲೆಂದು ಹಳೆಯ ಚಿತ್ರಗಳನ್ನು ಜೊತೆಗೆ ಒಯ್ಯಿರಿ. ಬಸುರಿಯರು ಮೊದಲೇ ತಿಳಿಸಿರಿ. ಆ ಕೇಂದ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇದೆಯೇ ಎಂದು ಕೇಳಿರಿ. ಅಗತ್ಯದ ಎಕ್ಸ್‌ರೇಗೆ ಹೆದರಬೇಡಿ. ಅನಗತ್ಯದ್ದನ್ನು ಪ್ರಶ್ನಿಸದೆ ಬಿಡಬೇಡಿ.