ಬಾತ್‌ರೂಮಿನ ಎರಡು ಬಾಟಲಿ

ಬೆಂಗಳೂರಿನ ಬೋರ್‌ವೆಲ್ ನೀರಿನ ಅಪಾರ್ಟ್‌ಮೆಂಟಿನಲ್ಲಿ ಇದ್ದೀರಾ? ಹಾಗಿದ್ದರೆ ಪಿಯುಸಿ ಕೆಮಿಸ್ಟ್ರಿಯ ಒಂದು ಪಾಠ ದಿನಾ ನಿಮ್ಮ ಬಾತ್‌ರೂಮಿನಲ್ಲೇ ನಡೀತಿರುತ್ತೆ. ನೀರಿನಲ್ಲಿ ಕರಗಿದ ವಸ್ತುಗಳು ಒಂದನ್ನೊಂದು ಸೇರಿದಾಗ ಮುಖ್ಯವಾಗಿ ಮೂರು ಬಗೆಯ ಕ್ರಿಯೆ ನಡೆಯುತ್ತದೆ: ಕರಗದ ವಸ್ತು ಗಟ್ಟಿಯಾಗಿ ಬೇರೆಯಾಗೋದು, ಆಮ್ಲ-ಪ್ರತ್ಯಾಮ್ಲ ಸೇರೋದು, ಎಲೆಕ್ಟ್ರಾನ್ ಒಬ್ಬರಿಂದ ಇನ್ನೊಬ್ಬರಿಗೆ ಹೋಗೋದು. ಪರೀಕ್ಷೆಗೆ ಉರು ಹೊಡೆದು ಮರೆತದ್ದು. ಮೊದಲೆರಡನ್ನು ಮರೆತರೆ ಹೆಚ್ಚೆಂದರೆ ಗೀಸರ್ ಹಾಳಾದೀತು. ಮೂರನೆಯದನ್ನು ಮರೆಯುವ ಹಾಗಿಲ್ಲ.

ಗೀಸರಿನಿಂದಲೇ ಶುರು ಮಾಡೋಣ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಣ್ಣಿಗೆ ಕಾಣದಂತೆ ಕರಗಿರುತ್ತೆ. ಕಾಯಿಸಿದರೆ ಅದು ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಅದು ನೀರಿನಲ್ಲಿ ಕರಗೋದಿಲ್ಲ, ಕಾಯಿಲ್ ಮೇಲೆ ಬಿಳಿ ಪದರವಾಗಿ ಕೂರುತ್ತೆ. ಗೋಡೆಗೆ ಬಳಿದ ಸುಣ್ಣ ಗಾಳಿಗೆ ಗಟ್ಟಿಯಾದಾಗ ಆಗೋದೂ ಇದೇ ವಸ್ತು. ಪಠ್ಯದಲ್ಲಿ ಇದಕ್ಕೆ ಪ್ರಕ್ಷೇಪನ ಅಂತಾರೆ. ಸೋಪು ನೊರೆ ಬಾರದೆ ಬಕೆಟ್ಟಿನ ಅಂಚಿಗೆ ಜಿಡ್ಡಾಗಿ ಅಂಟೋದೂ ಪ್ರಕ್ಷೇಪನವೇ, ಸೋಪಿನ ಜೊತೆ ಕ್ಯಾಲ್ಸಿಯಂ ಸೇರಿಕೊಂಡಿರುತ್ತೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 600ರವರೆಗೆ ನಡೆಯುತ್ತೆ. ನಿಮ್ಮ ಅಸೋಸಿಯೇಷನ್ ನೀರು ಪರೀಕ್ಷೆ ಮಾಡಿಸಿದ್ದರೆ ಆ ರಿಪೋರ್ಟ್ ಕೇಳಿ ನೋಡಿ.

ಆ ಬಿಳಿ ಕಲೆ ತೆಗೆಯೋಕೆ ಆಮ್ಲ ಬೇಕು. ಶವರಿಗೆ ವಿನೆಗರ್ ಸಾಕು, ಗುಳ್ಳೆ ಎದ್ದು ಕಲೆ ಕರಗುತ್ತೆ. (ರೀಲ್ಸ್‌ನಲ್ಲಿ ವಿನೆಗರಿಗೆ ಅಡುಗೆ ಸೋಡಾ ಬೆರೆಸಿ ನೊರೆ ಉಕ್ಕಿಸ್ತಾರಲ್ಲ, ಅಲ್ಲಿ ಆಮ್ಲವನ್ನು ಸೋಡಾನೇ ತಿಂದುಹಾಕುತ್ತೆ. ನೋಡೋಕೆ ಚೆಂದ, ಕಲೆ ಹಾಗೇ ಇರುತ್ತೆ.) ಟಾಯ್ಲೆಟ್ ಕ್ಲೀನರುಗಳಲ್ಲಿ ಸಾಮಾನ್ಯವಾಗಿ ಇರೋದು ಹೈಡ್ರೋಕ್ಲೋರಿಕ್ ಆಮ್ಲ.

ಇನ್ನು ಮೂರನೆಯದು, ಉತ್ಕರ್ಷಣ-ಅಪಕರ್ಷಣ. ಕಬ್ಬಿಣದಂಶ ಇರುವ ಬೋರ್ ನೀರು ತಿಳಿಯಾಗಿ ಬಂದು, ಬಕೆಟ್ಟಿನಲ್ಲಿ ರಾತ್ರಿಯೆಲ್ಲ ಇದ್ದರೆ ಬೆಳಗ್ಗೆ ಕೆಂಪಾಗಿರುತ್ತೆ. ಗಾಳಿಯ ಆಮ್ಲಜನಕ ಕಬ್ಬಿಣದಿಂದ ಎಲೆಕ್ಟ್ರಾನ್ ಕಿತ್ತುಕೊಂಡ ಗುರುತು ಅದು. ಇದೇ ಬಗೆಯ ಕ್ರಿಯೆ, ಆದರೆ ಕ್ಷಣಾರ್ಧದಲ್ಲಿ, ಬ್ಲೀಚಿನ ಜೊತೆ ಟಾಯ್ಲೆಟ್ ಕ್ಲೀನರ್ ಸೇರಿದಾಗ ನಡೆಯುತ್ತದೆ. ಬ್ಲೀಚ್ ಅಂದರೆ ಸೋಡಿಯಂ ಹೈಪೋಕ್ಲೋರೈಟ್. ಅದಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಬಿದ್ದರೆ ಕ್ಲೋರಿನ್ ಅನಿಲ ಹೊರಡುತ್ತೆ. ಬ್ಲೀಚಿಂಗ್ ಪೌಡರ್ ಆದರೂ ಅಷ್ಟೇ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಎದುರಾಳಿಗಳ ಕಂದಕಗಳತ್ತ ಸಿಲಿಂಡರುಗಳಿಂದ ಬಿಟ್ಟದ್ದು ಇದೇ ಅನಿಲವನ್ನು.

ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಅದಕ್ಕೇ ಕಂದಕಕ್ಕೆ ಇಳಿಯಿತು. ಬಾತ್‌ರೂಮಿನಲ್ಲೂ ನೆಲದ ಹತ್ತಿರವೇ ತುಂಬಿಕೊಳ್ಳುತ್ತೆ. ನಿಂತವರ ಮೂಗಿಗೆ ಘಾಟು ತಟ್ಟುವ ಮೊದಲು, ಕುಕ್ಕರುಗಾಲಲ್ಲಿ ಕೂತು ಟೈಲ್ಸ್ ಉಜ್ಜುವವರಿಗೆ ತಾಗುತ್ತೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹಾಗೆ ಕೂರೋದು ಕೆಲಸಕ್ಕೆ ಬರುವ ಅಕ್ಕ. ಕಿಟಕಿ ಅಂದರೆ ಒಂದು ಗೇಣಿನ ಗಾಜು, ಬಾಟಲಿಯ ಎಚ್ಚರಿಕೆ ಹೆಚ್ಚಾಗಿ ಸಣ್ಣ ಅಕ್ಷರದ ಇಂಗ್ಲಿಷು. ಕಲೆ ಹೋಗಿಲ್ಲ ಅಂತ ನಾವು ಗೊಣಗಿದರೆ ಅವರು ಎರಡನ್ನೂ ಸುರಿದು ಉಜ್ಜಿದರೆ ಆಶ್ಚರ್ಯವೇನಿಲ್ಲ. ಈ ವಿಷಯ ಅವರಿಗೆ ಹೇಳಿಲ್ಲದಿದ್ದರೆ ತಪ್ಪು ಮನೆಯವರದ್ದು, ಇದರಲ್ಲಿ ನನಗೆ ಎರಡು ಮಾತಿಲ್ಲ.

ಅಕಸ್ಮಾತ್ ಬೆರೆತು ಘಾಟು ಬಂದರೆ ಅದನ್ನು ತೊಳೆಯುತ್ತ ನಿಲ್ಲಬೇಡಿ. ಬಾಗಿಲು ತೆರೆದು ಹೊರಗೆ ಗಾಳಿಗೆ ಬನ್ನಿ, ಮನೆಯ ಕಿಟಕಿಗಳನ್ನೆಲ್ಲ ತೆಗೆಯಿರಿ. ಕೆಮ್ಮು ನಿಲ್ಲದಿದ್ದರೆ, ಉಸಿರು ಹಿಡಿದಂತಾದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಶ್ವಾಸಕೋಶದ ತೊಂದರೆ ಕೆಲವು ಗಂಟೆ ತಡವಾಗಿಯೂ ಕಾಣಿಸಬಹುದು, ಆಗಲೂ ಕಾಯಬೇಡಿ.

ಎರಡು ಬಾಟಲಿಗಳನ್ನೂ ಬೇರೆ ಬೇರೆ ಕಡೆ ಇಡಿ. ಮಾರ್ಕರ್ ತಗೊಂಡು ಒಂದರ ಮೇಲೆ ‘ಆಸಿಡ್’, ಇನ್ನೊಂದರ ಮೇಲೆ ‘ಬ್ಲೀಚ್’ ಅಂತ ದೊಡ್ಡದಾಗಿ ಬರೆಯಿರಿ. ಅಕ್ಕನಿಗೆ ಓದೋಕೆ ಬಾರದಿದ್ದರೆ ಒಂದಕ್ಕೆ ಕೆಂಪು ಟೇಪು ಸುತ್ತಿ, ಕರೆದು ತೋರಿಸಿ. ಇವತ್ತು ಆಸಿಡ್ ಹಾಕಿ ತೊಳೆದಿದ್ದರೆ ಬ್ಲೀಚಿಗೆ ಬೇರೆ ದಿನ ಇಟ್ಟುಕೊಳ್ಳಿ. ವಿನೆಗರ್ ಕೂಡ ಆಮ್ಲವೇ, ಅದಕ್ಕೂ ಇದೇ ಲೆಕ್ಕ.